ಕಳೆಯೆಂದು ಕಿತ್ತ ಸಸಿಗಳು

ಪಾರ್ಶ್ವವಾಯು ಬಡಿದು ಒಂದೂವರೆ ವರ್ಷವಾದರೂ ವಸುಧಾಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಾತಂತೂ ಮೂರೇ ಉಳಿದಿದ್ದವು. ಹೌದು, ಬ್ಯಾಡ, ಮತ್ತೆ ಮಗಳ ಹೆಸರು. ಹಸಿವಾದರೂ ಸುಚೇತಾ, ಕಾಲು ಸೆಳೆದರೂ ಸುಚೇತಾ. ಧಾರವಾಡದ ಕಾಲೇಜಿನಲ್ಲಿ ಒಂದು ಕಾಲಕ್ಕೆ ಸಸ್ಯಶಾಸ್ತ್ರ ಪಾಠ ಹೇಳಿದ ಹೆಂಗಸು ಅವಳು.

ಗಂಡ ರಾಜಗೋಪಾಲ ಅಮೆರಿಕದ ದ ವುಡ್‌ಲ್ಯಾಂಡ್ಸ್ ಊರಿನ ಎನರ್ಜಿ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವನು, ಇದೇ ಕಾರಣಕ್ಕೆ ಬೇಗ ರಿಟೈರ್ ಆಗಿ ಮನೆಯಲ್ಲಿ ಕೂತ. ಕೂತ ಅನ್ನುವುದು ಮಾತಿಗೆ. ಅವಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಗುಂಡಿ ಹಾಕಿ, ತಲೆ ಬಾಚಿ, ತುತ್ತು ಮಾಡಿ ಉಣಿಸುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಗುತ್ತಿತ್ತು. ಥೆರಪಿಸ್ಟ್ ಹುಡುಗಿ ಪ್ರತಿಸಲ ಹೇಳುತ್ತಿದ್ದಳು, ಎಡಗೈಯಿಂದ ಅವರೇ ಗುಂಡಿ ಹಾಕಿಕೊಳ್ಳಲಿ ಬಿಡಿ, ಅರ್ಧ ಗಂಟೆ ಹಿಡಿದರೂ ಹಿಡಿಯಲಿ ಅಂತ. ಆ ಅರ್ಧ ಗಂಟೆಯನ್ನು ಎಲ್ಲಿಂದ ತರುವುದು? ತಾನು ಹಾಕಿದರೆ ಅರ್ಧ ನಿಮಿಷ.

ಎರಡು ಸಾವಿರದ ನಾಲ್ಕರ ಅಕ್ಟೋಬರ್. ಬಿಸಿಲು ಸ್ವಲ್ಪ ಇಳಿದಿತ್ತು. ವಸುಧಾಳನ್ನು ಕಿಟಕಿಯ ಹತ್ತಿರ ಕೂಡಿಸಿ ರಾಜಗೋಪಾಲ ಹಿತ್ತಲಿಗೆ ಹೋದ. ಹೂವಿನ ಪಾತಿಗಳೆಲ್ಲ ಅವಳವು. ಅವಳು ಬಿದ್ದ ಮೇಲೆ ಅವುಗಳನ್ನು ಕೇಳುವವರಿರಲಿಲ್ಲ. ಬೇಲಿಯ ಬುಡದ ಪಾತಿಯ ತುಂಬ ನೆಲಕ್ಕಂಟಿಕೊಂಡ ಸಣ್ಣ ಸಣ್ಣ ಹಸಿರು ಎದ್ದಿತ್ತು. ಕಳೆ ಅಂದುಕೊಂಡು ಬಗ್ಗಿ ಕೀಳತೊಡಗಿದ.

ಒಳಗಿಂದ ಗಾಜು ಬಡಿಯುವ ಸದ್ದಾಯಿತು. ತಿರುಗಿ ನೋಡಿದರೆ ವಸುಧಾ ಎಡಗೈಯಿಂದ ಕಿಟಕಿಯನ್ನು ಬಡಿಯುತ್ತಿದ್ದಾಳೆ. ಬಾತ್‌ರೂಮಿಗೇನೋ ಅಂದುಕೊಂಡು ಓಡಿದ. ಅಲ್ಲ. ನೀರು ಕೊಟ್ಟ, ದೂಡಿದಳು. ಮತ್ತೆ ಹೋಗಿ ಬಗ್ಗಿದರೆ ಮತ್ತೆ ಬಡಿತ. ಮೂರನೆಯ ಸಲ ಒಳಗೆ ಬಂದವನ ತಾಳ್ಮೆ ತಪ್ಪಿತು.

“ಏನ ಬೇಕಾಗೇದ ನಿನಗ? ಬಾಯಿಬಿಟ್ಟ ಹೇಳ!”

ಹೇಳಿದ ಮರುಕ್ಷಣ ಅವನ ಕಿವಿಗೇ ಅದು ಬಡಿಯಿತು. ವಸುಧಾ ಅಳಲಿಲ್ಲ. ಒಂದೇ ಕೈಯಲ್ಲಿ ಊರುವ ವಾಕರ್ ಹಿಡಿದು ಎದ್ದಳು. ಅವನು ಕೈಕೊಡಲು ಹೋದರೆ “ಬ್ಯಾಡ” ಅಂದಳು. ಬಾಗಿಲಿನಿಂದ ಪಾತಿಗೆ ಹದಿನೈದು ಹೆಜ್ಜೆ. ಎಷ್ಟು ಹೊತ್ತು ಹಿಡಿಯಿತೋ, ಅವನು ಹಿಂದೆ ಹಿಂದೆ ಕೈಚಾಚಿಕೊಂಡು ನಡೆದ. ಪಾತಿಯ ಅಂಚಿನಲ್ಲಿ ಅವಳು ಕುಸಿದು ಕೂತಳು. ಕಿತ್ತ ಗುಡ್ಡೆಯಿಂದ ಒಂದು ಸಸಿ ಎತ್ತಿ, ಬೆರಳಿನಿಂದ ತೂತು ಮಾಡಿ, ನೆಟ್ಟಳು. ಇನ್ನೊಂದನ್ನು ಎತ್ತಿ ಅವನ ಕಣ್ಣಿನ ಮುಂದೆ ಹಿಡಿದಳು. ಅಂಗೈ ಬಿಚ್ಚಿದಂತೆ ಐದು ಪುಟ್ಟ ಎಲೆ.

ಆಗ ಹೊಳೆಯಿತು. ಬ್ಲೂಬಾನೆಟ್! ವಸಂತದಲ್ಲಿ ನೀಲಿ ಹೂ ಬಿಡುವ ಇಲ್ಲಿಯ ಕಾಡುಗಿಡ. ಬೀಳುವ ಹಿಂದಿನ ವರ್ಷ ಅವಳೇ ಬೀಜ ಚೆಲ್ಲಿದ್ದು. ಒಂದೆರಡು ಗಿಡ ಮಾತ್ರ ಎದ್ದಾಗ ಅವನು ನಕ್ಕಿದ್ದ. “ಗಟ್ಟಿ ಸಿಪ್ಪಿ ಇರತದರೀ. ಕೆಲವು ಈ ವರ್ಷ ಏಳತಾವ, ಕೆಲವು ಎರಡ ವರ್ಷ ಬಿಟ್ಟು. ಅವಸರ ಮಾಡಿದ್ರ ಬರೂದಿಲ್ಲ” ಅಂದಿದ್ದಳು. ಆಗ ಬಾಯಿತುಂಬ ಮಾತಿತ್ತು ಅವಳಿಗೆ.

“ತಪ್ಪಾತು ವಸುಧಾ” ಅಂದು ಪಕ್ಕದಲ್ಲಿ ಕೂತ. ಅವನು ನಾಲ್ಕು ನೆಡುವುದರಲ್ಲಿ ಅವಳದು ಒಂದು. ನೀರಿನ ಪೈಪು ತಂದು ಹರಿಸಲು ಹೋದರೆ “ಬ್ಯಾಡ, ಬ್ಯಾಡ” ಅಂತ ಕೈ ಹಿಡಿದಳು. ಅಂಗೈಯಲ್ಲಿ ಅಷ್ಟೇ ಅಷ್ಟು ಚಿಮುಕಿಸಿ ತೋರಿಸಿದಳು. ಅವನ ಆರೈಕೆಯೆಲ್ಲ ಅತಿಯಾಗಿ ಹರಿಸಿದ ನೀರೇ ಆಗಿತ್ತೇನೋ. ಹಾಗೆಂದು ಯಾರೂ ಅವನಿಗೆ ಹೇಳಲಿಲ್ಲ, ತಾನೇ ಅಂದುಕೊಂಡ.

ಮರುದಿನ ಅವಳ ಅಂಗಿಯನ್ನು ಕೈಗೆ ಕೊಟ್ಟು ಕುರ್ಚಿ ಎಳೆದುಕೊಂಡು ಕೂತ. ನಲವತ್ತು ನಿಮಿಷ. ಅಷ್ಟರಲ್ಲಿ ಎರಡು ಸಲ ತೂಕಡಿಸಿದ. ಆಮೇಲೆ ಆಸ್ಟಿನ್‌ನಲ್ಲಿದ್ದ ಸುಚೇತಾಗೆ ಫೋನ್ ಮಾಡಿದ.

“ಯಾರನ್ನರ ನೋಡವಾ. ನನಗ ಭಾಳ ದಣಿವಾಗೇದ.”

ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ ಅಂತ ಅವಳು ವರ್ಷದಿಂದ ಹೇಳುತ್ತಿದ್ದಳು. “ಓಕೆ ಅಪ್ಪಾ. ಥ್ಯಾಂಕ್ ಯು” ಅಂದಳು ಮಗಳು.

ಮೂರು ಬೀದಿ ಆಚೆ ತಮ್ಮ ಮಗನ ಮನೆಯಲ್ಲಿದ್ದ ಶಾಂತವ್ವ ವಸುಧಾಳನ್ನು ನೋಡಿಕೊಳ್ಳಲು ವಾರಕ್ಕೆ ಮೂರು ದಿನ ಬರತೊಡಗಿದರು. “ಮನ್ಯಾಗ ಕುಂತು ನನಗೂ ಬ್ಯಾಸರಾಗಿತ್ರಿ” ಅಂದರು.

ಕಿತ್ತು ನೆಟ್ಟವುಗಳಲ್ಲಿ ಬಹುಪಾಲು ಒಣಗಿದವು. ಬ್ಲೂಬಾನೆಟ್‌ನ ಬೇರು ನೇರ ಆಳಕ್ಕಿಳಿಯುವಂಥದು, ಒಮ್ಮೆ ಕಿತ್ತರೆ ಕಷ್ಟ. ಬದುಕಿದ್ದು ಏಳು. ಚಳಿಗಾಲ ಪೂರ್ತಿ ಅವು ಇದ್ದಷ್ಟೇ ಇದ್ದವು. ಮಾರ್ಚ್ ಕೊನೆಗೆ ಒಂದೊಂದಾಗಿ ನೀಲಿ ತೆನೆ ಎತ್ತಿದವು. ವಸುಧಾಳಿಗೆ ಹೊಸ ಮಾತೇನೂ ಬರಲಿಲ್ಲ. ಶಾಂತವ್ವ ಅವಳನ್ನು ಪಾತಿಯ ಬಳಿ ಕೂಡಿಸಿ, ತಮ್ಮೂರು ಉಣಕಲ್ಲಿನ ಸುದ್ದಿ ಹೇಳುತ್ತ ಅಲ್ಲೇ ಕೊತ್ತಂಬರಿ ಸೋಸುತ್ತಿದ್ದರು. ಒಳಗೆ ಸೋಫಾದ ಮೇಲೆ ರಾಜಗೋಪಾಲ ಶೂ ಕೂಡ ಬಿಚ್ಚದೆ ಮಲಗಿದ್ದ. ನಡುಹಗಲಿನ ನಿದ್ದೆ, ಬಾಯಿ ತೆರೆದಿತ್ತು.