ಮೈದಾನ ಅಳೆದ ಸೀರೆ

೨೦೨೪ರ ನವೆಂಬರ್ ೧೮, ಸೋಮವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಕಲ್ಯಾಣದುರ್ಗದ ಮನೆಯಲ್ಲಿ ಶಿರೀಷಾ ಆಗಷ್ಟೇ ಹಾಲು ಕಾಯಲಿಟ್ಟಿದ್ದಳು. ಹಿಂದೂಪುರದ ಹಾಸ್ಟೆಲಿನಿಂದ ಫೋನ್ ಬಂತು. ವಾರ್ಡನ್ ಶಿವಲಕ್ಷ್ಮಮ್ಮ.

“ನಿಮ್ ಹುಡ್ಗಿ ನಸುಕಲ್ಲೆದ್ದು ತಾರಸಿ ಮೇಲೆ ಒಬ್ಳೇ ಓಡ್ತಿದ್ಲು ಕಣಮ್ಮ. ತಲೆ ಯಾಕೋ ಸರಿಗಿಲ್ಲ. ರೂಮಲ್ಲಿ ಕೂಡಾಕಿ ಬೀಗ ಹಾಕಿದೀನಿ. ಬಂದು ಬುದ್ಧಿ ಹೇಳಿ, ಇಲ್ಲಾಂದ್ರೆ ಕರ್ಕೊಂಡೋಗಿ.”

“ಬೀಗ ಹಾಕಿದೀರಾ?”

ಫೋನ್ ಕಟ್ಟಾಗಿತ್ತು. ಹಾಲು ಉಕ್ಕಿ ಒಲೆ ಆರಿತು. ಶಿರೀಷಾ ಅದನ್ನು ಒರೆಸಲೂ ಇಲ್ಲ.

ಮಗಳು ಹರಿತಾಳಿಗೆ ಹದಿನಾರು ವರ್ಷ. ಊರಿನ ಶಾಲೆಯಲ್ಲಿದ್ದಾಗ ಬೆಳಗ್ಗೆ ತಪ್ಪದೆ ಓಡುತ್ತಿದ್ದಳು, ಮೆಡಲ್ಲಿನ ಆಸೆಗಲ್ಲ. ಓಡಿ ಬಂದ ದಿನ ಹೊಟ್ಟೆ ತುಂಬ ತಿಂದು ಅಪ್ಪನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಓಡದ ದಿನ ಉಗುರು ಕಚ್ಚುತ್ತ ಮೂಲೆ ಸೇರುತ್ತಿದ್ದಳು. ಶಿರೀಷಾ ಬಿ.ಎಸ್ಸಿ. ಓದಿದವಳು. ಎರಡು ಸಂಗತಿ ಒಟ್ಟಿಗೆ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಒಪ್ಪುವವಳಲ್ಲ. ಆದರೆ ವರ್ಷಗಟ್ಟಲೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದಾದರೂ ಹೇಗೆ?

ಜೂನಿನಲ್ಲಿ ಹಿಂದೂಪುರದ ಖಾಸಗಿ ಜೂನಿಯರ್ ಕಾಲೇಜಿಗೆ ಸೇರಿದ ಮೇಲೆ ಫೋನಿನಲ್ಲಿ ಹುಡುಗಿಯ ಮಾತು ಕಡಿಮೆಯಾಗುತ್ತ ಬಂದಿತ್ತು. ದಸರೆಗೆ ಬಂದಾಗ ಕಿವಿಯ ಮೇಲೆ ರೂಪಾಯಿಯಗಲ ಕೂದಲೇ ಇರಲಿಲ್ಲ. “ಓದ್ತಾ ಓದ್ತಾ ಕಿತ್ಕೊಂಡ್ಬುಡ್ತೀನಮ್ಮ, ಗೊತ್ತೇ ಆಗಲ್ಲ” ಎಂದಿದ್ದಳು. ಆಟಕ್ಕೆ ಬಿಡುವುದಿಲ್ಲವೇ ಎಂದರೆ ಅಪ್ಪನತ್ತ ನೋಡಿದ್ದಳು. ಆ ನೋಟದ ಅರ್ಥ ಶಿರೀಷಾಳಿಗೆ ಆಗ ಹೊಳೆದಿರಲಿಲ್ಲ.

ಪೆನುಕೊಂಡದ ಮೇಲೆ ಹೋಗುವ ಬಸ್ಸಿನಲ್ಲಿ ಅವಳ ಗಂಡ ತಿರುಮಲೇಶ್ ತೊಡೆಯ ಮೇಲೆ ಸೀರೆಯ ಡಬ್ಬ ಇಟ್ಟುಕೊಂಡು ಕೂತಿದ್ದ. ಅವನದು ನೇಯುವವರ ಮನೆ. ಈಗ ಸೀರೆ ಅಂಗಡಿ ಇದ್ದರೂ ಹಿತ್ತಿಲಲ್ಲಿ ಒಂದು ಮಗ್ಗ ಇನ್ನೂ ಆಡುತ್ತದೆ. ಯಾರ ಹತ್ತಿರ ಏನು ಕೇಳಬೇಕಾದರೂ ಮೊದಲು ಸೀರೆ ಕೊಟ್ಟು ಆಮೇಲೆ ಬಾಯಿ ತೆರೆಯುವುದು ಅವರ ಮನೆಯ ಪದ್ಧತಿ.

“ಇದ್ಯಾರಿಗೆ?”

“ಪ್ರಿನ್ಸಿಪಾಲ್ರ ಮನೆಯವ್ರಿಗೆ ಕಣೇ. ಬರಿಗೈಲಿ ಹೋಗಿ ನಿಂತ್ರೆ ಹೆಂಗೆ? ಈ ಒಂದ್ಸಲ ಕ್ಷಮಿಸ್ಬುಡಿ ಅನ್ಬೇಕಲ್ಲ.”

“ಮಗಳ್ನ ಕೂಡಾಕಿರೋರಿಗೆ ಸೀರೆ ಉಡ್ಸಕ್ಕೆ ಹೊಂಟಿದೀರಾ? ಅರಿಶಿನ ಕುಂಕುಮ ಯಾಕ್ ಬಿಟ್ ಬಂದ್ರಿ?”

ಹಿಂದೂಪುರದವರೆಗೂ ಅವನು ಡಬ್ಬವನ್ನು ತೊಡೆಯಿಂದ ಇಳಿಸಲಿಲ್ಲ.

ಶಿವಲಕ್ಷ್ಮಮ್ಮ ಬೀಗ ತೆಗೆದಾಗ ಹರಿತಾ ಮಂಚದ ತುದಿಯಲ್ಲಿ ಬರಿಗಾಲಲ್ಲಿ ಕೂತಿದ್ದಳು.

“ಶೂ ಎಲ್ಲೇ?”

“ಕಿತ್ಕೊಂಡವ್ರೆ.” ಹರಿತಾ ಕಾಲನ್ನು ಮಂಚದ ಮೇಲಕ್ಕೆಳೆದುಕೊಂಡಳು. “ನಾನು ಬೀಳಕ್ಕೆ ಹೋಗಿರ್ಲಿಲ್ಲಮ್ಮ. ನಿದ್ದೆ ಬರಲ್ಲ, ಎದೆ ಹಿಡ್ಕೊಂಡಂಗಾಗುತ್ತೆ. ಓಡಿದ್ರೆ ಬಿಡುತ್ತೆ. ಅಷ್ಟೇ.”

ಶಿರೀಷಾ ಅವಳ ಕೈ ಹಿಡಿದುಕೊಂಡೇ ಪ್ರಿನ್ಸಿಪಾಲ್ ರಘುನಾಥ್ ಅವರ ಕೋಣೆಗೆ ನುಗ್ಗಿದಳು. ಹಿಂದೆ ಡಬ್ಬದೊಂದಿಗೆ ತಿರುಮಲೇಶ್.

“ಚೂಡಂಡಿ, ನೋಡಿ ಮೇಡಂ,” ರಘುನಾಥ್ ನಕ್ಕರು. “ಎಂಟ್ನೂರು ಮಕ್ಳು ಓದ್ತಾರೆ ಇಲ್ಲಿ. ಎಲ್ರೂ ಹಿಂಗೇ ಓಡಿದ್ರೆ ಇದೇನು ಕಾಲೇಜಾ, ಕುದ್ರೆ ಲಾಯಾನಾ?”

“ಮತ್ತೆ ಎಲ್ಲಿ ಓಡ್ಬೇಕು ಸಾರ್?”

“ಗ್ರೌಂಡ್ ಇದೆಯಲ್ಲ! ವಿಶಾಲವಾದ ಆಟದ ಮೈದಾನ ಅಂತ ಗೇಟಲ್ಲೇ ಬೋರ್ಡ್ ಹಾಕ್ಸಿದೀವಿ. ಆದ್ರೆ ಇವಳನ್ನ ಬಿಡ್ಬೇಡಿ ಅಂದೋರು ನಿಮ್ ಯಜಮಾನ್ರೇ. ಅಡ್ಮಿಷನ್ ದಿನ ನಮ್ಮನೆಯವ್ರಿಗೆ ಸೀರೆ ಕೊಟ್ಟು, ಕೈ ಮುಗಿದು ಹೇಳಿ ಹೋದ್ರಲ್ಲ.”

ಶಿರೀಷಾ ತಿರುಗಿ ನೋಡಿದಳು. ತಿರುಮಲೇಶ್ ಡಬ್ಬದ ಮೇಲಿನ ದಾರ ಸರಿಮಾಡುತ್ತಿದ್ದ.

“ಓಡಿ ಸುಸ್ತಾದ್ರೆ ಓದಲ್ಲ ಅಂದ್ಕಂಡೆ ಕಣೇ. ಒಳ್ಳೇದಕ್ಕೇ...”

ಶಿರೀಷಾ ಮಗಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಈ ಮನುಷ್ಯ ಜೂನಿನಿಂದ ತನ್ನೆದುರು ಕೂತು ಉಂಡಿದ್ದಾನೆ. ಮಗಳ ತಲೆಯ ಬೋಳು ನೋಡಿ, ಎಣ್ಣೆ ಹಚ್ಚು ಎಂದಿದ್ದಾನೆ. ತನ್ನ ಮಗ್ಗದ ಸೀರೆಯಿಂದಲೇ ಮಗಳ ಕಾಲು ಕಟ್ಟಿಸಿ, ಈಗ ಅದನ್ನು ಇನ್ನೂ ಬಿಗಿ ಮಾಡಿಸಲು ಮತ್ತೊಂದು ಸೀರೆ ಹೊತ್ತು ತಂದಿದ್ದಾನೆ.

“ಮೈದಾನ ತೋರ್ಸಿ ಸಾರ್” ಎಂದಳು.

ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. ಎದುರಿಗೆ ಕಾಲೇಜಿನ ಹಳದಿ ಬಸ್ಸುಗಳು ಒತ್ತಾಗಿ ನಿಂತಿದ್ದವು. ನಡುವೆ ಒಂದಿಷ್ಟು ಮಣ್ಣು.

“ಇದೇನಾ?”

“ಕ್ಲಾಸ್ ಜಾಸ್ತಿ ಆದ್ವು. ಸದ್ಯಕ್ಕೆ...”

“ಎಷ್ಟುದ್ದ ಐತೆ?”

“ಉದ್ದ ಯಾಕ್ ಮೇಡಂ ಈಗ? ಏನ್ ಸೈಟ್ ತಗೊಳ್ತೀರಾ?”

ಶಿರೀಷಾ ಗಂಡನ ಕೈಯಿಂದ ಡಬ್ಬ ಕಸಿದು, ಸೀರೆಯ ಮಡಿಕೆ ಬಿಚ್ಚಿ ಒದರಿದಳು. ನೇರಳೆ ಬಣ್ಣದ ರೇಷ್ಮೆ ಹಾರಿ ಜರಿಯ ಸೆರಗು ಮಣ್ಣಿಗೆ ಬಿತ್ತು.

“ಅಯ್ಯೋ, ಮಣ್ಣು ಕಣೇ!”

“ಹಿಡ್ಕೊಳ್ರೀ ಆ ಕಡೆ!”

ಸೀರೆ ನೆಲದಲ್ಲಿ ಎಳೆದಾಡುವುದನ್ನು ನೋಡಿ ಸುಮ್ಮನಿರುವುದು ತಿರುಮಲೇಶ್‌ನ ಕೈಗೆ ಗೊತ್ತೇ ಇರಲಿಲ್ಲ. ಓಡಿ ಹೋಗಿ ಸೆರಗೆತ್ತಿ, ಅಭ್ಯಾಸದಂತೆ ಅಂಚು ಎಳೆದು ಬಿಗಿಯಾಗಿ ಹಿಡಿದ. ಶಿರೀಷಾ ಬಸ್ಸಿನ ಬಂಪರಿಗೆ ತನ್ನ ತುದಿ ಒತ್ತಿದಳು. ಸೆರಗು ಮುಗಿದಲ್ಲಿ, ಯಾರೂ ಹೇಳದೆ, ಹರಿತಾ ಬಂದು ತನ್ನ ಬರಿ ಹಿಮ್ಮಡಿ ಊರಿ ನಿಂತಳು. ಶೆಡ್ಡಿನ ಕಿಟಕಿಗಳ ತುಂಬ ಮಕ್ಕಳ ಮುಖ. ಒಳಗೆ ಪಾಠ ನಿಂತಿತು.

ಅವಳ ಹಿಮ್ಮಡಿಯಿಂದ ಮತ್ತೆ ಸೀರೆ ಹಿಡಿದರು. ಪೂರ್ತಿ ಹಿಡಿಸಲಿಲ್ಲ. ಶಿರೀಷಾ ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಚಿದಳು. ಮಡಿಕೆ ಶೆಡ್ಡಿನ ಗೋಡೆಗೆ ತಾಗಿತು.

“ಇವಳ ಶೂ ತಂದ್ಕೊಡಿ” ಎಂದು ಹಿಂದೆಯೇ ಬಂದಿದ್ದ ವಾರ್ಡನ್ನಿಗೆ ಹೇಳಿದಳು. “ಟ್ರಂಕೂ ತೆಗೀರಿ. ಇವತ್ತೇ ಕಲ್ಯಾಣದುರ್ಗಕ್ಕೆ ಹೋಯ್ತೀವಿ. ಎದೆ ಹಿಡ್ಕೊಳ್ಳೋದಕ್ಕೆ ಡಾಕ್ಟ್ರಿಗೆ ತೋರಿಸ್ತೀನಿ. ಬೆಳಗ್ಗೆ ಓಡ್ತಾಳೆ, ಆಮೇಲೆ ಊರಿನ ಕಾಲೇಜಲ್ಲೇ ಓದ್ತಾಳೆ.”

“ಮಧ್ಯದಲ್ಲಿ ಬಿಡ್ಸಿದ್ರೆ ವರ್ಷ ಹಾಳಾಗುತ್ತೆ. ನೀವಾದ್ರೂ ಹೇಳಿ ತಿರುಮಲೇಶ್ ಗಾರು,” ರಘುನಾಥ್ ದನಿ ತಗ್ಗಿಸಿದರು. “ನೀವು ತಿಳಿದೋರು.”

ತಿರುಮಲೇಶ್ ಮಗಳ ಕಾಲು ನೋಡುತ್ತಿದ್ದ. ಹಿಮ್ಮಡಿ ಊರಿದ ಜಾಗ ಬಿಟ್ಟು ಅವಳು ಕದಲಿರಲಿಲ್ಲ.

“ಈ ಸೀರೆ ನನ್ನ ಮಗ್ಗದ್ದೇ ಸಾರ್. ಆರು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅಳತೆ ತಪ್ಪಲ್ಲ.” ಅವನು ಸೀರೆಯ ಮಣ್ಣು ಕೊಡವಲಿಲ್ಲ. ಹಾಗೇ ಸುತ್ತಿ ಕಂಕುಳಿಗೆ ಇಟ್ಟುಕೊಂಡ. “ಒಂದೂವರೆ ಸೀರೆ ಹಿಡೀತು. ಎಂಟ್ನೂರು ಮಕ್ಳಿಗೆ ನಿಮ್ ಮೈದಾನ ಒಂಬತ್ತು ಮೀಟರ್ ಮೂವತ್ತು ಸೆಂಟಿಮೀಟರ್.”