ಆಂಜನಮ್ಮ ಜಾಮ್ ಬಿಡಿಸಿದ ಬೆಳಿಗ್ಗೆ

ಸಿದ್ಧಲಿಂಗೇಶ ಕೆಟ್ಟ ಮನುಷ್ಯನೇನಲ್ಲ. ಬಸ್ಸಿನಲ್ಲಿ ವಯಸ್ಸಾದವರನ್ನು ಕಂಡರೆ ಎದ್ದು ಸೀಟು ಬಿಡುತ್ತಿದ್ದ. ಆದರೆ ಸಿ.ವಿ. ರಾಮನ್ ನಗರದ ಆಚೆಯ ರೈಲ್ವೆ ಗೇಟು ಹಾಕಿದ್ದರೆ ಸಾಕು, ಅವನ ಸ್ಕೂಟರು ಬಲಕ್ಕೆ ಹೊರಳುತ್ತಿತ್ತು. ಎಡಗಡೆ ಉದ್ದನೆಯ ಸಾಲು. ಬಲಗಡೆ, ಎದುರಿನಿಂದ ಬರುವವರಿಗೆಂದು ಇರುವ ಅರ್ಧ ರಸ್ತೆ, ಖಾಲಿ. ಆ ಖಾಲಿ ಜಾಗ ನೋಡಿಕೊಂಡು ಸುಮ್ಮನೆ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಅವನ ಹಿಂದೆಯೇ ನೂರು ಜನ ನುಗ್ಗುತ್ತಿದ್ದರು. ಗೇಟಿನ ಆಚೆ ಕಡೆಯೂ ಇದೇ ಕಥೆ.

2001ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವನು ಹೀಗೆಯೇ ಬಲಗಡೆಯಿಂದ ನುಗ್ಗಿ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಹಿಂದೆ ಕೂತಿದ್ದ ಹೆಂಡತಿ ಪ್ರತಿಭಾ, "ಸಾಲಿನಲ್ಲಿ ನಿಂತ್ರೆ ಏನಾಗ್ತಿತ್ತು ನಿಮಗೆ? ಎಲ್ರೂ ನೋಡ್ತಿದಾರೆ" ಅಂದಳು. ದಾವಣಗೆರೆಯಿಂದ ಬಂದು ಆರು ವರ್ಷವಾದರೂ ಅವಳಿಗೆ ಈ ನುಗ್ಗಾಟ ಒಗ್ಗಿರಲಿಲ್ಲ.

"ನಾನೊಬ್ಬ ನಿಂತ್ರೆ ಊರೇ ನಿಲ್ಲುತ್ತಾ? ಸುಮ್ನಿರು."

ಗೂಡ್ಸ್ ರೈಲು ಹೋಯಿತು. ಗೇಟು ಮೇಲೆದ್ದಿತು. ಎರಡೂ ಕಡೆಯವರು ಒಟ್ಟಿಗೆ ನುಗ್ಗಿದರು, ಹಳಿಯ ಮೇಲೆ ಎದುರುಬದುರಾಗಿ ಸಿಕ್ಕಿಕೊಂಡರು. ಸಿದ್ಧಲಿಂಗೇಶನ ಪಕ್ಕದಲ್ಲೇ ಒಂದು ನೀರಿನ ಟ್ಯಾಂಕರು. ಅದರ ಮೂತಿಗೆ ಮೂತಿ ಕೊಟ್ಟಂತೆ ಎದುರಿನಿಂದ ಬಂದ ಒಂದು ಸ್ಕೂಲ್ ವ್ಯಾನು, ಸರಿಯಾಗಿ ಹಳಿಯ ಮೇಲೆ. ವ್ಯಾನಿನ ತುಂಬ ಮಕ್ಕಳು. ಅದು ಮುಂದೆ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಎಲ್ಲರೂ ಹಾರ್ನ್ ಒತ್ತಿ ಹಿಡಿದರು.

ಗೇಟ್‌ಮನ್ ಅಪ್ಪಣ್ಣ ತನ್ನ ಗೂಡಿನಿಂದ ಓಡಿ ಬಂದ. "ಹಿಂದಕ್ಕೆ ತಗೊಳ್ರಪ್ಪಾ! ಪ್ಯಾಸೆಂಜರ್ ಗಾಡಿ ಸಿಗ್ನಲ್‌ನಾಗೆ ನಿಂತೈತೆ! ಗೇಟ್ ಹಾಕ್ದೆ ಸಿಗ್ನಲ್ ಬೀಳಲ್ಲ!"

ಗೇಟು ಮುಚ್ಚುವವರೆಗೆ ರೈಲು ಮುಂದೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಮಕ್ಕಳಿಗೆ ಗೊತ್ತಿಲ್ಲ. ದೂರದ ತಿರುವಿನಲ್ಲಿ ಎಂಜಿನ್ನಿನ ಹಣೆ ಕಾಣುತ್ತಿತ್ತು, ಅದು ಕೂಗುತ್ತಿತ್ತು. ವ್ಯಾನಿನೊಳಗೆ ಒಂದು ಮಗು ಅಳಲು ಶುರುಮಾಡಿತು, ಆಮೇಲೆ ಎಲ್ಲವೂ ಅತ್ತವು. ಟ್ಯಾಂಕರಿನವನು ವ್ಯಾನಿನವನನ್ನು ಬೈದ, ವ್ಯಾನಿನವನು ಟ್ಯಾಂಕರಿನವನನ್ನು ಬೈದ. ಸಿದ್ಧಲಿಂಗೇಶನೂ ಬೈದ. ಯಾರನ್ನು ಎಂದು ಅವನಿಗೇ ಗೊತ್ತಿರಲಿಲ್ಲ.

ಗೇಟಿನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಸೀಬೆಹಣ್ಣು ಮಾರುವ ಆಂಜನಮ್ಮ ಎದ್ದದ್ದು ಆಗ. ಐವತ್ತು ದಾಟಿದ, ಕುಳ್ಳಗಿನ ಹೆಂಗಸು. ಅವಳು ಟ್ಯಾಂಕರಿನ ಹತ್ತಿರ ಬಂದು, ಸುತ್ತ ಒಮ್ಮೆ ನೋಡಿ, ಸಿದ್ಧಲಿಂಗೇಶನ ತೋಳು ಮುಟ್ಟಿದಳು.

"ಸಾರ್, ಗಾಡಿ ಅಮ್ಮಾವ್ರು ಹಿಡ್ಕೊಳ್ಳಲಿ. ನೀವು ಉದ್ದ ಇದ್ದೀರ. ನನ್ ಜೊತೆ ಬನ್ನಿ, ನಾನು ಹೇಳ್ದಾಗ ಕೈ ಎತ್ತಿ."

"ಎಲ್ಲಿಗಮ್ಮಾ?"

"ಹಿಂದಕ್ಕೆ. ಇಲ್ಲಿ ಕೂಗಿ ಏನು ಬಂತು?"

ಹಳಿಗೆ ಬೆನ್ನು ಹಾಕಿ ಅವಳು ನಡೆದೇಬಿಟ್ಟಳು. ಪ್ರತಿಭಾ ಸ್ಕೂಟರಿನ ಹ್ಯಾಂಡಲ್ ಹಿಡಿದು "ಹೋಗ್ರಿ" ಅಂದಳು. ಅವನು ಹೋದ.

ಕಾಲು ಕಿಲೋಮೀಟರು ನಡೆದ ಮೇಲೆ ಬಲಗಡೆಯ ಸಾಲಿನ ಬಾಲ ಸಿಕ್ಕಿತು. ಕೊನೆಯಲ್ಲಿ ಒಂದು ಆಟೋ ನಿಂತಿತ್ತು. ಮುಂದೆ ಏನಾಗಿದೆ ಎಂದು ಅದರ ಡ್ರೈವರಿಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಹಾರ್ನ್ ಹೊಡೆಯುತ್ತಿದ್ದ. ಆಂಜನಮ್ಮ ಬಗ್ಗಿ, "ಅಕ್ತರ್ ಭಾಯ್, ಪೀಛೆ ಲೇವ್. ಪಟರಿ ಪೋ ಬಚ್ಚೇ ಹೈಂ" ಅಂದಳು. ಹಳಿಯ ಮೇಲೆ ಮಕ್ಕಳು ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ತರ್ ಹಾರ್ನ್ ಬಿಟ್ಟ. ಆಟೋ ಹಿಂದಕ್ಕೆ ಸರಿದು ಎಡಗಡೆಯ ಮಣ್ಣಿಗೆ ಇಳಿಯಿತು.

ಅದರ ಮುಂದೆ ಇಟ್ಟಿಗೆ ಲಾರಿ. "ಅಣ್ಣಾ, ವಂಡಿಯ ಪಿನ್ನಾಡಿ ಎಡು. ನಾನು ಪಾತ್ಕಿರೇನ್" ಎಂದಳು. ಗಾಡಿ ಹಿಂದಕ್ಕೆ ತೆಗೆ, ನಾನು ನೋಡ್ಕೋತೀನಿ ಎಂದು ತಮಿಳಿನಲ್ಲಿ ಹೇಳಿ, ಲಾರಿಯ ಹಿಂಬದಿಗೆ ತಾನೇ ಹೋಗಿ ನಿಂತಳು. ಸಿದ್ಧಲಿಂಗೇಶ ಕೈ ಎತ್ತಿ ಹಿಡಿದ. ಲಾರಿ ಗೇಣು ಗೇಣಾಗಿ ಹಿಂದೆ ಬಂದು ಎಡಗಡೆಯ ಸಾಲಿನ ಹಿಂದೆ ಸೇರಿತು. ಅದು ಹೋದ ಜಾಗಕ್ಕೆ ಅದರ ಮುಂದಿದ್ದ ಎರಡು ಕಾರು, ಐದಾರು ಬೈಕುಗಳು ಸರಿದವು. ಅವಳು ಯಾರನ್ನೂ ಬೈಯಲಿಲ್ಲ. ಹೆಸರು ಗೊತ್ತಿದ್ದವರನ್ನು ಹೆಸರು ಹಿಡಿದು, ಇಲ್ಲದವರನ್ನು ಅಣ್ಣ, ಅಪ್ಪ, ಭಾಯ್ ಎಂದು ಕರೆದಳು. ಯಾವ ಗಾಡಿ ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಒಮ್ಮೆಯೂ ತಡವರಿಸಲಿಲ್ಲ.

ಟೈ ಕಟ್ಟಿದ ಒಬ್ಬಾತ ಕಾರಿನ ಗಾಜು ಏರಿಸಿಕೊಂಡು ಕೂತಿದ್ದ. ಕರೆದರೆ ತಿರುಗಲಿಲ್ಲ. ಆಂಜನಮ್ಮ ಗಾಜಿನ ಮುಂದೆ ಕೈ ಮುಗಿದು ನಿಂತುಬಿಟ್ಟಳು. ಅರ್ಧ ನಿಮಿಷವಾಯಿತು. ಅವನು ತಲೆ ತಗ್ಗಿಸಿ ರಿವರ್ಸ್ ಗೇರ್ ಹಾಕಿದ.

ಆಗ ಸಿದ್ಧಲಿಂಗೇಶ ಇನ್ನೊಂದು ಸಂಗತಿ ಗಮನಿಸಿದ. ಹಿಂದೆ ಸರಿದ ಅಕ್ತರ್ ಆಟೋ ನಿಲ್ಲಿಸಿ ಇಳಿದು ಬಂದು ಬೇರೆಯವರಿಗೆ ದಾರಿ ತೋರಿಸುತ್ತಿದ್ದ. ಲಾರಿಯ ಕ್ಲೀನರ್ ಒಂದು ಕಾರಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಹಾರ್ನ್‌ಗಳು ಒಂದೊಂದೇ ನಿಂತವು. ಇಷ್ಟು ಹೊತ್ತು ಕೇಳಿಸದೇ ಇದ್ದ ಎಂಜಿನ್‌ಗಳ ಸದ್ದು, ಚಪ್ಪಲಿಗಳ ಸದ್ದು ಕೇಳತೊಡಗಿತು. ಅರ್ಧ ರಸ್ತೆ ಸಿದ್ಧಲಿಂಗೇಶನ ಕಣ್ಣೆದುರೇ ತೆರೆದುಕೊಳ್ಳುತ್ತಿತ್ತು, ಮತ್ತು ಅದನ್ನು ತೆರೆಯುತ್ತಿದ್ದವಳು ಅವನ ಭುಜಕ್ಕೂ ಬಾರದ ಒಬ್ಬ ಹೆಂಗಸು.

ಕೊನೆಗೆ ಟ್ಯಾಂಕರ್ ಹಿಂದೆ ಬಂತು. ಎಲ್ಲಕ್ಕಿಂತ ಕೊನೆಗೆ ಉಳಿದದ್ದು ಅವನದೇ ಸ್ಕೂಟರು. ಪ್ರತಿಭಾ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಅವನು ಓಡಿ ಹೋಗಿ ಹಿಡಿದುಕೊಂಡ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಸ್ಕೂಲ್ ವ್ಯಾನು ಹಳಿ ದಾಟಿತು. ಅತ್ತು ಕೆಂಪಾದ ಮುಖಗಳು ಕಿಟಕಿಯಲ್ಲಿ ಸಾಲಾಗಿ ಹಾದುಹೋದವು. ಆಚೆ ಕಡೆ ಬಲಕ್ಕೆ ನುಗ್ಗಿದ್ದವರೂ ಅದರ ಹಿಂದೆಯೇ ದಾಟಿಬಂದರು. ಹಳಿ ಪೂರ್ತಿ ಖಾಲಿಯಾದ ಮೇಲೆ ಅಪ್ಪಣ್ಣ ಗೇಟು ಇಳಿಸಿದ. ರೈಲು ನಿಧಾನವಾಗಿ ಬಂತು. ಬಾಗಿಲುಗಳಲ್ಲಿ ನಿಂತ ಜನ ಇವರನ್ನು ನೋಡಿದರು. ಈ ಕಡೆ ಯಾರೂ ಹಾರ್ನ್ ಹೊಡೆಯಲಿಲ್ಲ, ಯಾರೂ ಬಲಕ್ಕೆ ಹೊರಳಲಿಲ್ಲ. ಗೇಟು ತೆರೆದಾಗ ಎರಡೂ ಕಡೆಯ ಗಾಡಿಗಳು ಒಂದನ್ನೊಂದು ತಾಗದೆ, ತಮ್ಮ ತಮ್ಮ ಎಡದಲ್ಲಿ ಹಾದುಹೋದವು. ಅಪ್ಪಣ್ಣ ಕೈ ಕಟ್ಟಿಕೊಂಡು ನೋಡುತ್ತ, "ಹನ್ನೊಂದು ವರ್ಷದಾಗೆ ಹಿಂಗೆ ಕಂಡಿಲ್ಲ" ಅಂದ.

ಹಿಂದೆ ಸರಿದ ಯಾವುದೋ ಗಾಡಿ ಆಂಜನಮ್ಮನ ಬುಟ್ಟಿಗೆ ತಾಗಿ ಹಣ್ಣು ಚೆಲ್ಲಿತ್ತು. ಗಂಡಹೆಂಡತಿ ಇಬ್ಬರೂ ಕೂತು ಆರಿಸಿಕೊಟ್ಟರು.

"ನಿಮಗೆ ಇದೆಲ್ಲ ಹೆಂಗೆ ಗೊತ್ತಾಯ್ತಮ್ಮ?" ಎಂದು ಪ್ರತಿಭಾ ಕೇಳಿದಳು.

"ದಿನಾ ಇಲ್ಲೇ ಕೂತಿರ್ತೀನಲ್ಲಮ್ಮ. ಗಾಡೀಲಿ ಇರೋರಿಗೆ ಮುಂದಿನ ಗಾಡಿ ಅಷ್ಟೇ ಕಾಣುತ್ತೆ. ನನಗೆ ಎಲ್ಲಾ ಕಾಣುತ್ತೆ."

"ಮತ್ತೆ ಇಷ್ಟು ದಿನ ಯಾಕೆ ಏಳಲಿಲ್ಲ?" ಎಂದ ಸಿದ್ಧಲಿಂಗೇಶ.

ಅವಳು ಹಣ್ಣು ಒರೆಸುತ್ತ, "ಏಳ್ಬೇಕಾಗಿತ್ತು ಸಾರ್. ನನ್ ಮಾತು ಯಾರು ಕೇಳ್ತಾರೆ ಅಂತ ಕೂತಿದ್ದೆ. ಇವತ್ತು ಆ ಮಕ್ಕಳು ಅಳೋದು ಕೇಳಿ ಕೂರೋಕಾಗ್ಲಿಲ್ಲ" ಅಂದಳು.

ಮರುದಿನ ಗೇಟಿನಲ್ಲಿ ಮತ್ತೆ ಅದೇ ನೂಕುನುಗ್ಗಲು. ಸಿದ್ಧಲಿಂಗೇಶ ಮಾತ್ರ ಸಾಲು ಬಿಡಲಿಲ್ಲ. ಆ ವಾರದ ಶುಕ್ರವಾರ ದೊಡ್ಡ ಜಾಮ್ ಆಯಿತು. ಆಂಜನಮ್ಮ ಅಂದು ಬಂದಿರಲಿಲ್ಲ. ಅವನು ಸ್ಕೂಟರನ್ನು ಪ್ರತಿಭಾಳಿಗೆ ಕೊಟ್ಟು ತಾನೇ ಹಿಂದಕ್ಕೆ ನಡೆದ. ಕೂಗಿದ, ಕೈ ಬೀಸಿದ, ಕೈ ಮುಗಿದೂ ನೋಡಿದ. "ನೀನ್ ಯಾರ್ ಗುರು ಹೇಳಕ್ಕೆ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ನಕ್ಕ. ಇಪ್ಪತ್ತು ನಿಮಿಷವಾದ ಮೇಲೆ, ಗಂಟಲು ಒಡೆದು, ಬೆವರು ಸುರಿಸಿಕೊಂಡು ವಾಪಸ್ ಬಂದ.

"ಎಷ್ಟು ಗಾಡಿ ಸರಿಸಿದ್ರಿ?" ಎಂದಳು ಪ್ರತಿಭಾ.

"ಎರಡು ಆಟೋ" ಅಂದ. "ಆಯಮ್ಮ ಅವತ್ತು ಇನ್ನೂರಾದ್ರೂ ಸರಿಸಿರಬೇಕು ಕಣೇ" ಎಂದು, ಗೇಟಿನಿಂದ ಹಿಡಿದು ತಿರುವಿನವರೆಗೆ ತುಂಬಿ ನಿಂತಿದ್ದ ರಸ್ತೆಯನ್ನು ಬೆರಗಿನಿಂದ ನೋಡುತ್ತ ನಿಂತ.