ಬಸುರಿ ಮನೆಯ ಬೋನು

ನಿಟ್ಟೂರಿನ ಗಿರಿಯಮ್ಮ ನಾಟಿಕೋಳಿ ಸಾಕಿದ್ದೇ ಸೊಸೆಯ ಬಾಣಂತನಕ್ಕೆಂದು. ಸೊಸೆ ಅರುಣಾಳಿಗೆ ಹೆತ್ತತಾಯಿ ಇರಲಿಲ್ಲ, ಹೆರಿಗೆಗೆ ತವರಿಗೆ ಹೋಗುವ ಮಾತೂ ಇರಲಿಲ್ಲ. "ನಿಮ್ಮವ್ವ ಇಲ್ದಿದ್ರೇನು, ನಾನು ಸತ್ತೋಗಿದೀನೇನೇ? ಹಸೀಮೈಗೆ ಕೋಳಿಸಾರು ಕುಡಿಸಿ ಎಬ್ಬಿಸ್ತೀನಿ" ಎಂದು ಅತ್ತೆ ಅಂದ ದಿನದಿಂದ ಆ ಕೋಳಿಗಳು ಹಿತ್ತಲಲ್ಲಿ ಮದುವಣಗಿತ್ತಿಯರ ಹಾಗೆ ಮೆರೆದವು.

ಮೆರೆದದ್ದು ಯಾರ ಕಣ್ಣಿಗೆ ಬಿತ್ತೋ. ಬೆಳಗಾದರೆ ಕತ್ತಾಳೆ ಬೇಲಿಯ ಬುಡದಲ್ಲಿ ಪುಕ್ಕ, ರಕ್ತ. ಬರುತ್ತಿದ್ದದ್ದು ಒಂದು ಕಾಡುಬೆಕ್ಕು. ತಿನ್ನುತ್ತಿದ್ದದ್ದು ಒಂದನ್ನಾದರೆ ಕತ್ತು ಮುರಿದು ಬಿಸಾಕುತ್ತಿದ್ದದ್ದು ಇನ್ನೊಂದನ್ನು. ಅರುಣಾಳ ಗಂಡ ಗಂಗಾಧರ ಗುಬ್ಬಿಯಿಂದ ಕಬ್ಬಿಣದ ಬೋನು ತಂದು ಒಳಗೆ ಕೋಳಿಕರುಳು ಕಟ್ಟಿದ. ಮಾರನೆಯ ಬೆಳಗ್ಗೆ ಬೆಕ್ಕು ಬಿದ್ದಿತ್ತು.

ಅವನು ದೊಣ್ಣೆ ಎತ್ತಿಕೊಂಡು ಹೋದರೆ ಗಿರಿಯಮ್ಮ ಅಡ್ಡ ನಿಂತಳು.

"ಲೇ ಗಂಗಾ, ಬುದ್ಧಿ ಐತೇನ್ಲಾ? ಹೆಂಡ್ತಿ ಬಸುರಿ. ಗಂಡ ಆದೋನು ಇರುವೆ ಹೊಸಕಿದ್ರೂ ಕೂಸಿಗೆ ತಟ್ತೈತೆ."

"ಹಂಗಾದ್ರೆ ನೀನೇ ಹೊಡಿಯವ್ವ."

"ಈ ಮನೆ ಅನ್ನ ಉಣ್ಣೋರು ಯಾರೂ ಹೊಡೀಬಾರ್ದು."

"ದೇವರಾಯನದುರ್ಗದ ಕಾಡಲ್ಲಿ ಬಿಟ್ಟು ಬರ್ಲಾ?"

"ನಿನ್ ಬೈಕಿಗಿಂತ ಮುಂಚೆ ವಾಪಸ್ ಬಂದಿರ್ತೈತೆ. ಬೆಕ್ಕಿನ ಜಾತಿ ಕಣೋ ಅದು! ಹಿಂಗೇ ಬುಡು. ನಾವೇನೂ ಕೊಲ್ಲಲ್ಲ. ಅದರ ಋಣ ಇರೋಗಂಟ ಇರ್ಲಿ."

ಬೋನು ಬಿಸಿಲಲ್ಲೇ ಉಳಿಯಿತು. ಅನ್ನವಿಲ್ಲ, ನೀರಿಲ್ಲ. ಮೊದಮೊದಲು ಬೆಕ್ಕು ಕಂಬಿ ಕಚ್ಚಿ ಕಚ್ಚಿ ಬಾಯಿ ಹರಿದುಕೊಂಡಿತು. ಆಮೇಲೆ ಬರೀ ಏದುಸಿರು.

ಮೂರನೆಯ ದಿನ ಅರುಣಾ ಬಟ್ಟೆ ಒಣಗಹಾಕುವ ನೆಪ ಮಾಡಿಕೊಂಡು ಹತ್ತಿರ ಹೋದಳು. ಮಗ್ಗುಲಾಗಿ ಬಿದ್ದಿದ್ದ ಬೆಕ್ಕಿನ ಮೊಲೆತೊಟ್ಟುಗಳು ಊದಿ ಕೆಂಪಗಾಗಿದ್ದವು. ಹಾಲು ಕಟ್ಟಿಕೊಂಡಿತ್ತು.

"ಅತ್ತೆ, ಅದು ಬಾಣಂತಿ."

ಗಿರಿಯಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಬಿದ್ದ ದಿನವೇ ನೋಡಿದೀನಿ ಕಣೇ. ಈ ಕೋಳಿ ಅದರ ಮರಿಗೋ, ನಿನ್ ಕೂಸಿಗೋ? ನೀನೇ ಹೇಳು."

ಅತ್ತೆ ಸ್ನಾನಕ್ಕೆ ಹೋದಾಗ ಅರುಣಾಳ ಕೈ ತಾನಾಗಿ ಬೋನಿನ ಬಾಗಿಲು ಎತ್ತಿತ್ತು. ಬೆಕ್ಕು ಹಾರಲಿಲ್ಲ, ಓಡಲಿಲ್ಲ. ಮೈ ಎಳೆದುಕೊಂಡು ಹೊರಬಂದು, ಹಿತ್ತಲಿಗೆ ಸೇರಿದ ಕೂಳೆ ಹೊಲದಲ್ಲಿ ಓಲಾಡುತ್ತ ಬೇಲಿಯ ಕಡೆ ಹೊರಟಿತು. ಬೇಲಿ ಇನ್ನೇನು ಸಿಕ್ಕಿತು ಅನ್ನುವಾಗ ಬೀದಿನಾಯಿಗಳು ಅದರ ಮೇಲೆ ಬಿದ್ದವು.

ಅರುಣಾ ಕಿರುಚಿದಳು, ಕಲ್ಲು ತೂರಿದಳು. ಒದ್ದೆಕೂದಲಲ್ಲೇ ಓಡಿಬಂದ ಗಿರಿಯಮ್ಮ ಸೊಸೆಯ ಮುಖವನ್ನು ಸೆರಗಿನೊಳಗೆ ಅದುಮಿಕೊಂಡಳು. "ನೋಡ್ಬ್ಯಾಡ ಕಣೇ, ಬಸುರಿ ನೋಡಬಾರ್ದು."

"ನಾನೇ ಕೊಂದೆ ಅತ್ತೆ."

"ಕೊಂದಿದ್ದು ನಾಯಿ. ನೀನಲ್ಲ, ನಾನಲ್ಲ."

ಸಂಜೆ ಕೋಳಿಗಳು ಹೆದರಿಕೆಯಿಲ್ಲದೆ ಗೂಡು ಸೇರಿದವು. ಗೂಡಿನ ಬಾಗಿಲು ಮುಚ್ಚುತ್ತಿದ್ದ ಅರುಣಾಳಿಗೆ ಕತ್ತಾಳೆಯ ಒಳಗಿಂದ ಸಣ್ಣ ದನಿಯೊಂದು ಕೇಳಿತು, ಅದರ ಬೆನ್ನಿಗೇ ಇನ್ನೊಂದು. ಅವಳು ಬೇಲಿಯ ಕಡೆ ಕಾಲಿಟ್ಟದ್ದೇ ಗಿರಿಯಮ್ಮ ರಟ್ಟೆ ಹಿಡಿದಳು.

"ಗಾಳಿ ಕಣೇ ಅದು. ಒಳಿಕ್ಕೆ ನಡಿ."

ಅತ್ತೆ ಒಮ್ಮೆ ಬೇಲಿಯ ಕಡೆ ತಿರುಗಿ ನೋಡಿದಳು. ಹಿಡಿತ ಮಾತ್ರ ಸಡಿಲಲಿಲ್ಲ.